ಎಣಿಕೆಗೆ ಸಿಗದ ಮಗು

(ನಮ್ಮ ಸಂಘದ ವಾರ್ಷಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪೂರ್ಣ ಪಾಠ)



ಈ ವೇದಿಕೆಯಿಂದ ಸಾಹಿತ್ಯ, ಸಂಗೀತ, ಗಡಿ, ಭಾಷೆ ಮುಂತಾದ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡಿದ್ದಾರೆ. ನಾನು ಸಾಹಿತಿಯಲ್ಲ, ವೈದ್ಯನೂ ಅಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಕೇಂದ್ರ ಸರಕಾರದ ಸೇವೆಗೆ ಸೇರಿದವನು. ವರ್ಗಾವಣೆಯ ಆದೇಶ ಕರೆದೊಯ್ದಲ್ಲೆಲ್ಲ ಹೋಗಿ, ಈಗ ನಿವೃತ್ತಿಯ ಹೊಸ್ತಿಲಲ್ಲಿ ಮುಂಬಯಿಗೆ ಬಂದು ನಿಂತಿದ್ದೇನೆ. ಆದರೂ ಪೋಲಿಯೊ ನಿರ್ಮೂಲನೆಯಂಥ ವಿಷಯವನ್ನು ನಾನೇ ಕೇಳಿ ಪಡೆದೆ. ಅದಕ್ಕೆ ಎರಡು ಕಾರಣಗಳಿವೆ. ಒಂದು ನನ್ನ ಮನೆಯದು, ಇನ್ನೊಂದು ನಮ್ಮೆಲ್ಲರದು. ಮೊದಲನೆಯದನ್ನು ಈಗಲೇ ಹೇಳುತ್ತೇನೆ. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

1974ರಲ್ಲಿ ನನಗೆ ಆರು ವರ್ಷ, ನನ್ನ ತಂಗಿಗೆ ಎರಡು. ವಿಜಾಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಆಕೆಗೆ ಎರಡು ದಿನ ಜ್ವರ ಬಂದಿತು. ಪಕ್ಕದೂರಿನಿಂದ ಒಬ್ಬರು ಬಂದು ಸೊಂಟಕ್ಕೆ ಸೂಜಿಮದ್ದು ಕೊಟ್ಟು ಹೋದರು. ಜ್ವರ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ಅವ್ವ ಆಕೆಯನ್ನು ನಿಲ್ಲಿಸಲು ಹೋದರೆ ಬಲಗಾಲು ಮಡಚಿಕೊಂಡಿತು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಅವ್ವ ತಾನು ಬದುಕಿರುವವರೆಗೂ ಒಂದೇ ಮಾತು ಹೇಳುತ್ತಿದ್ದಳು: "ಸೂಜಿ ಹಾಕಿಸಿದ್ದೇ ತಪ್ಪಾತು. ನನ್ನ ಕೈಯಾರೆ ಕೂಸಿನ ಕಾಲು ಕಳದೆ." ಓದಿದ ಮೇಲೆ ನಾನು ಆಕೆಗೆ ಅದು ಸೂಜಿಯ ತಪ್ಪಲ್ಲ, ರೋಗದ್ದು ಎಂದು ತಿಳಿಹೇಳುತ್ತಿದ್ದೆ. ಆಕೆ ನನ್ನನ್ನು ನೋಡಿ ಸುಮ್ಮನಾಗುತ್ತಿದ್ದಳು. ಬಹಳ ವರ್ಷಗಳ ನಂತರ ನನಗೆ ತಿಳಿದದ್ದು ಏನೆಂದರೆ, ಪೋಲಿಯೊ ಸೋಂಕು ಒಳಗಿರುವಾಗ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಟ್ಟರೆ ಆ ಅಂಗ ಸ್ವಾಧೀನ ತಪ್ಪುವ ಸಂಭವ ಹೆಚ್ಚುತ್ತದೆಂಬುದನ್ನು ವೈದ್ಯಶಾಸ್ತ್ರವೇ ಒಪ್ಪಿದೆ. ಅಕ್ಷರ ಬಾರದ ನನ್ನ ಅವ್ವ ಪೂರ್ತಿ ತಪ್ಪು ಹೇಳಿರಲಿಲ್ಲ. ನಾನು ಪೂರ್ತಿ ಸರಿ ಹೇಳಿರಲಿಲ್ಲ. ಈ ಪಾಠ ಮುಂದೆ ನನ್ನ ಉಪಯೋಗಕ್ಕೆ ಬಂದಿತು.

ಪೋಲಿಯೊ ಎಂಥ ಶತ್ರುವೆಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಅದರ ವೈರಸ್ ಮಲದ ಮೂಲಕ ಹೊರಬಂದು, ಕೊಳೆ ನೀರು ಮತ್ತು ಕೊಳೆ ಕೈಗಳ ಮೂಲಕ ಇನ್ನೊಂದು ಮಗುವಿನ ಬಾಯಿ ಸೇರುತ್ತದೆ. ಸೋಂಕು ತಗಲಿದ ಸುಮಾರು 200 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಸ್ವಾಧೀನ ತಪ್ಪುತ್ತದೆ. ಉಳಿದವರಲ್ಲಿ ಬಹುಪಾಲು ಮಕ್ಕಳು ಆಡುತ್ತ, ಉಣ್ಣುತ್ತ, ಏನೂ ಅರಿಯದೆ ರೋಗವನ್ನು ಹಂಚುತ್ತಿರುತ್ತಾರೆ. ಆದ್ದರಿಂದ ಒಂದು ಮಗು ಕುಂಟಿತೆಂದರೆ, ಆ ಊರಿನಲ್ಲಿ ಕಣ್ಣಿಗೆ ಕಾಣದ ನೂರಾರು ಸೋಂಕುಗಳಿವೆಯೆಂದೇ ಅರ್ಥ. ಲಸಿಕೆಯಿಂದ ತಪ್ಪಿದ ಮಕ್ಕಳು ಬೆರಳೆಣಿಕೆಯಷ್ಟೇ ಇದ್ದರೂ, ಅವರು ಒಂದೇ ಓಣಿಯಲ್ಲಿ ಇದ್ದರೆ ವೈರಸ್ಸಿಗೆ ಅಷ್ಟೇ ಸಾಕು.

1980ರ ದಶಕದಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಮಕ್ಕಳು ಈ ರೋಗದಿಂದ ಅಂಗವಿಕಲರಾಗುತ್ತಿದ್ದರೆಂದು ಅಂದಾಜು. 1988ರಲ್ಲಿ ವಿಶ್ವ ಆರೋಗ್ಯ ಸಮ್ಮೇಳನವು ಪೋಲಿಯೊವನ್ನು ಜಗತ್ತಿನಿಂದಲೇ ಅಳಿಸುವ ನಿರ್ಣಯ ಕೈಗೊಂಡಿತು. ರೋಟರಿ ಸಂಸ್ಥೆ ಅದಕ್ಕೆ ಮೂರು ವರ್ಷ ಮೊದಲೇ, 1985ರಲ್ಲಿ, ಈ ಕೆಲಸಕ್ಕೆ ಕೈಹಾಕಿತ್ತು. ಇದಕ್ಕೆಲ್ಲ ಮುಂಚೆಯೇ ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಟಿ. ಜೇಕಬ್ ಜಾನ್ ಅವರು ಒಂದು ಮುಖ್ಯ ಸಂಗತಿಯನ್ನು ಕಂಡುಕೊಂಡಿದ್ದರು. ಪಶ್ಚಿಮದ ದೇಶಗಳಲ್ಲಿ ಮೂರು ಡೋಸುಗಳಿಗೆ ಸಿಗುವ ರಕ್ಷಣೆ ನಮ್ಮ ಮಕ್ಕಳಿಗೆ ಅಷ್ಟರಿಂದ ಸಿಗುವುದಿಲ್ಲ, ಹೆಚ್ಚು ಡೋಸುಗಳು ಬೇಕು ಎಂದು ಅವರು ಹೇಳಿದರು. ಒಂದು ಪ್ರದೇಶದ ಎಲ್ಲ ಮಕ್ಕಳಿಗೂ ಒಂದೇ ಅವಧಿಯಲ್ಲಿ ಹನಿ ಹಾಕುವ ಕ್ರಮವನ್ನು ವೆಲ್ಲೂರಿನಲ್ಲಿ ನಡೆಸಿಯೂ ತೋರಿಸಿದರು. ಮುಂದೆ ದೇಶವೆಲ್ಲ 'ಪಲ್ಸ್ ಪೋಲಿಯೊ' ಎಂದು ಕರೆದದ್ದು ಇದನ್ನೇ.

1994ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ದಿಲ್ಲಿ ಸರಕಾರವು ಇದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಆಗ ಡಾ. ಹರ್ಷವರ್ಧನ್ ಅಲ್ಲಿನ ಆರೋಗ್ಯ ಸಚಿವರು. ಮರುವರ್ಷದ ಡಿಸೆಂಬರಿನಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. 'ದೋ ಬೂಂದ್ ಜಿಂದಗೀ ಕೀ' ಎಂಬ ಘೋಷಣೆ ಗೋಡೆಗೋಡೆಗಳ ಮೇಲೆ ಬಂದಿತು. ಸಿನಿಮಾ ನಟ ಅಮಿತಾಭ್ ಬಚ್ಚನ್ ದೂರದರ್ಶನದ ಪರದೆಯ ಮೇಲೆ ತಾಯಿತಂದೆಯರನ್ನು ಗದರಿಸಿದರು. ಮುಂದಿನ ವರ್ಷಗಳಲ್ಲಿ ಒಂದೊಂದು ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ ಹನಿ ಹಾಕಲು 20 ಲಕ್ಷಕ್ಕೂ ಹೆಚ್ಚು ಕಾರ್ಯಕರ್ತರು ಹೊರಟರು. ಹನಿ ಹಾಕಿಸಿಕೊಂಡ ಮಗುವಿನ ಎಡಗೈಯ ಕಿರುಬೆರಳಿಗೆ ಮಸಿಯ ಗುರುತು ಹಾಕುತ್ತಿದ್ದರು. ಮತದಾರನ ಬೆರಳಿಗೆ ನಮ್ಮ ಮೈಸೂರಿನ ಶಾಯಿ ಬೀಳುವಂತೆಯೇ ಇದೂ ಒಂದು. ಆ ಮಗು ದೇಶದ ಲೆಕ್ಕಕ್ಕೆ ಬಂದಿತೆಂಬುದಕ್ಕೆ ಅದೇ ಸಾಕ್ಷಿ.

ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ರೋಗ ಬೇಗ ತಗ್ಗಿತು. ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ತಗ್ಗಲಿಲ್ಲ. 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳಾದವು. ಅವುಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದವು. ಮರುವರ್ಷವೇ ವೈರಸ್ ಅಲ್ಲಿಂದ ಪಯಣಿಸಿ, ರೋಗ ಹೋಯಿತೆಂದು ನಿಟ್ಟುಸಿರು ಬಿಟ್ಟಿದ್ದ ನಮ್ಮ ಕರ್ನಾಟಕದಲ್ಲಿಯೂ ಮಕ್ಕಳ ಕಾಲುಗಳನ್ನು ಹಿಡಿಯಿತು. ನಮ್ಮಲ್ಲಿ ನಾವು ಸರಿಯಾಗಿದ್ದೇವೆಂಬ ಸಮಾಧಾನಕ್ಕೆ ಈ ರೋಗ ಅವಕಾಶ ಕೊಡುವುದಿಲ್ಲ.

2007ರಿಂದ 2010ರ ತನಕ ನನ್ನ ಕಚೇರಿ ಪಶ್ಚಿಮ ಉತ್ತರ ಪ್ರದೇಶದ ಒಂದು ಜಿಲ್ಲೆಯಲ್ಲಿತ್ತು. ಪೋಲಿಯೊ ಸುತ್ತುಗಳು ನಡೆದಾಗ ಮೇಲ್ವಿಚಾರಣೆಗೆ ಬೇರೆ ಇಲಾಖೆಗಳ ಅಧಿಕಾರಿಗಳನ್ನೂ ಕರೆಯುತ್ತಿದ್ದರು. ಹಾಗೆ ನಾನು ಹೋದೆ. ಕಾರ್ಯಕರ್ತರು ಮನೆಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಬಾಗಿಲಿನ ಪಕ್ಕ ಸೀಮೆಸುಣ್ಣದಿಂದ 'ಪಿ' ಎಂದು ಬರೆಯುತ್ತಿದ್ದರು; ಒಂದು ಮಗು ತಪ್ಪಿದ್ದರೂ 'ಎಕ್ಸ್' ಎಂದು ಬರೆಯುತ್ತಿದ್ದರು. ಸಂಜೆಯ ಸಭೆಯಲ್ಲಿ ಎಕ್ಸ್ ಮನೆಗಳ ಲೆಕ್ಕ. ಮೊದಲ ಸುತ್ತಿನಲ್ಲಿ ಒಂದು ಮೊಹಲ್ಲಾದ ಎಕ್ಸ್ ಮನೆಗಳ ಎದುರು ಕಾರಣದ ಅಂಕಣದಲ್ಲಿ ನಾನು ಒಂದೇ ಶಬ್ದ ಬರೆದೆ: ಅಜ್ಞಾನ.

ಅದೇ ಮೊಹಲ್ಲಾದ ಹೆಣ್ಣುಮಗಳೊಬ್ಬಳು ಅಲ್ಲಿ ಸಮುದಾಯ ಸಂಯೋಜಕಿಯಾಗಿದ್ದಳು. ತನ್ನ ಪಾಲಿನ ಮನೆಗಳ ಪ್ರತಿಯೊಂದು ಮಗುವಿನ ಹೆಸರು, ವಯಸ್ಸು, ಡೋಸು ಬರೆದಿಟ್ಟ ದಪ್ಪ ಪುಸ್ತಕ ಆಕೆಯ ಕಂಕುಳಲ್ಲಿ ಸದಾ ಇರುತ್ತಿತ್ತು. ಆಕೆ ನನ್ನ ವರದಿಯನ್ನು ನೋಡಿ, "ಸಾಹೇಬರೇ, ನಾಳೆ ನನ್ನ ಜೊತೆ ಬನ್ನಿ" ಎಂದಷ್ಟೇ ಹೇಳಿದಳು. ಮರುದಿನ ಒಂದು ಬಾಗಿಲಿನ ಮುಂದೆ ನಿಂತೆವು. ಪರದೆಯ ಹಿಂದಿನಿಂದ ಆ ಮನೆಯ ತಾಯಿ ಮಾತನಾಡಿದಳು. ಆಕೆಯ ಮಾತಿನ ಸಾರ ಇದು: "ನನ್ನ ಹಿರಿಮಗ ಭೇದಿಯಿಂದ ಹೋದ. ಆಗ ಯಾರೂ ಬರಲಿಲ್ಲ. ಚರಂಡಿ ಉಕ್ಕಿ ಅಂಗಳಕ್ಕೆ ಬರುತ್ತದೆ, ಯಾರೂ ಬರುವುದಿಲ್ಲ. ಕೈಪಂಪು ಕೆಟ್ಟು ಆರು ತಿಂಗಳಾಯಿತು. ಈ ಹನಿ ಮಾತ್ರ ತಿಂಗಳಿಗೊಮ್ಮೆ ಬಾಗಿಲಿಗೆ ಬರುತ್ತದೆ, ಅದೂ ಬಿಟ್ಟಿಯಾಗಿ. ನೀವೇ ನನ್ನ ಜಾಗದಲ್ಲಿದ್ದರೆ ಏನೆಂದುಕೊಳ್ಳುತ್ತೀರಿ?"

ನನ್ನ ಬಳಿ ಉತ್ತರವಿರಲಿಲ್ಲ. ಈ ಹನಿಯಿಂದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬ ವದಂತಿ ಅಲ್ಲಿ ಹಬ್ಬಿತ್ತು. ಅದು ಸುಳ್ಳು. ಆದರೆ 1975-77ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಉತ್ತರ ಭಾರತದ ಊರುಗಳಲ್ಲಿ ಗಂಡಸರನ್ನು ಹಿಡಿದೊಯ್ದು ಶಸ್ತ್ರಚಿಕಿತ್ಸೆ ಮಾಡಿದ್ದು ಸುಳ್ಳಲ್ಲ. ಸರಕಾರದ ಕೈಯಲ್ಲಿನ ಔಷಧಕ್ಕೆ ಹೆದರುವುದನ್ನು ಆ ಜನ ಕಾರಣವಿಲ್ಲದೆ ಕಲಿತವರಲ್ಲ. ಅಷ್ಟೇ ಅಲ್ಲ, 'ಇಷ್ಟು ಸಲ ಹಾಕಿಸಿದರೂ ಪಕ್ಕದ ಮನೆಯ ಮಗುವಿಗೆ ಪೋಲಿಯೊ ಬಂದಿತಲ್ಲ' ಎಂಬ ಪ್ರಶ್ನೆಗೂ ಆಧಾರವಿತ್ತು. ಆ ಕಾಲದ ಮೂರು ಬಗೆಯ ವೈರಸ್ಸುಗಳ ಲಸಿಕೆಯ ಒಂದು ಡೋಸು ಒಂದನೆಯ ಬಗೆಯ ವೈರಸ್ಸಿನ ವಿರುದ್ಧ ದೇಶದ ಉಳಿದೆಡೆ ಶೇ. 21ರಷ್ಟು ಫಲ ಕೊಟ್ಟರೆ, ಉತ್ತರ ಪ್ರದೇಶದಲ್ಲಿ ಶೇ. 9ರಷ್ಟು ಮಾತ್ರ ಕೊಡುತ್ತಿತ್ತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಕಿಕ್ಕಿರಿದ ಬದುಕು, ಪದೇಪದೇ ಬರುವ ಭೇದಿ, ಇವು ಲಸಿಕೆಯ ಶಕ್ತಿಯನ್ನು ನುಂಗುತ್ತಿದ್ದವು. ಚರಂಡಿಯ ಬಗೆಗೆ ಆ ತಾಯಿ ಆಡಿದ ಮಾತನ್ನೇ ವಿಜ್ಞಾನಿಗಳು ಅಂಕಿಗಳಲ್ಲಿ ಹೇಳಿದ್ದರು. ನನಗೆ ನನ್ನ ಅವ್ವನ ನೆನಪಾಯಿತು. ವರದಿಯಲ್ಲಿ ಬರೆದ ಶಬ್ದವನ್ನು ಆ ಸಂಜೆ ಹೊಡೆದುಹಾಕಿದೆ.

ಆ ತಾಯಿಯ ಮನಸ್ಸನ್ನು ನನ್ನ ಮಾತು ತಿರುಗಿಸಿತೆಂದು ಹೇಳಿದರೆ ಅದು ಆತ್ಮಪ್ರಶಂಸೆಯಾದೀತು. ತಿರುಗಿಸಿದ್ದು ಆ ಸಂಯೋಜಕಿ. ಆಕೆ ಕೈಪಂಪಿನ ಬಗೆಗೆ ಅರ್ಜಿ ಬರೆಸಿದಳು, ಎಳೆಯ ಮಗುವಿಗೆ ಭೇದಿಯಾದಾಗ ಉಪ್ಪು-ಸಕ್ಕರೆಯ ದ್ರಾವಣ ಹಿಡಿದುಕೊಂಡು ಓಡಿದಳು, ಮಸೀದಿಯ ಇಮಾಮರನ್ನು ಕಂಡು ಶುಕ್ರವಾರದ ನಮಾಜಿನ ನಂತರ ಎರಡು ಮಾತು ಹೇಳಿಸಿದಳು. ಮೂರನೆಯ ಸುತ್ತಿನಲ್ಲಿ ಆ ಮನೆಯ ಪರದೆ ಸರಿಯಿತು. ಇಂಥ ಸಾವಿರಾರು ಹೆಣ್ಣುಮಕ್ಕಳು ಯುನಿಸೆಫ್ ನೆರವಿನ ಜಾಲದಲ್ಲಿ ದುಡಿದರು. ಧರ್ಮಗುರುಗಳು ಕೈಗೂಡಿಸಿದರು, ಅಲಿಗಢ ಮತ್ತು ಜಾಮಿಯಾ ವಿಶ್ವವಿದ್ಯಾಲಯಗಳವರೂ ಮುಂದೆ ಬಂದರು. ಸರಕಾರವೂ ಕಲಿಯಿತು. ರೋಗ ಬೀಡುಬಿಟ್ಟಿದ್ದ 107 ಬ್ಲಾಕುಗಳನ್ನು, ಅಂದರೆ ಪಶ್ಚಿಮ ಉತ್ತರ ಪ್ರದೇಶದ 66 ಮತ್ತು ಬಿಹಾರದ 41ನ್ನು, ಗುರುತಿಸಿ ಅಲ್ಲಿ ಹನಿಯ ಜೊತೆಗೆ ನೈರ್ಮಲ್ಯ, ಕೈತೊಳೆಯುವಿಕೆ, ಭೇದಿಯ ಚಿಕಿತ್ಸೆ, ಎದೆಹಾಲು, ಇತರ ಲಸಿಕೆಗಳು ಎಲ್ಲವನ್ನೂ ಒಟ್ಟಿಗೆ ಒಯ್ಯುವ ಯೋಜನೆ ಮಾಡಿತು. 2010ರಲ್ಲಿ ಒಂದು ಮತ್ತು ಮೂರನೆಯ ಬಗೆಗಳ ವಿರುದ್ಧ ಹೆಚ್ಚು ಪರಿಣಾಮಕಾರಿಯಾದ ಹೊಸ ಲಸಿಕೆಯೂ ಬಂದಿತು.

ಆದರೂ ಒಂದು ಬಗೆಯ ಮಗು ಎಲ್ಲರ ಕಣ್ಣು ತಪ್ಪಿಸುತ್ತಿತ್ತು. ಅದು ವಲಸೆ ಹೋದವರ ಮಗು. ಹನಿ ಹಾಕುವವರು ಊರಿಗೆ ಬಂದಾಗ ಅದು ಇಟ್ಟಿಗೆ ಭಟ್ಟಿಯಲ್ಲಿ. ಭಟ್ಟಿಗೆ ಹೋದಾಗ ಅದು ರೈಲಿನಲ್ಲಿ. ನಗರದ ಪಟ್ಟಿಯಲ್ಲಿ ಅದರ ಜೋಪಡಿಯೇ ಇಲ್ಲ. ಪ್ರಕರಣಗಳ ವೈರಸ್ಸಿನ ಅನುವಂಶಿಕ ರಚನೆಯನ್ನು ಹೋಲಿಸಿ ನೋಡಿದರೆ, ರೋಗವು ದುಡಿಯಲು ಹೊರಟವರ ದಾರಿಗಳಲ್ಲಿಯೇ ಸಾಗುತ್ತಿತ್ತು. ಆಗ ಕಾರ್ಯಕರ್ತರನ್ನು ರೈಲು ನಿಲ್ದಾಣಗಳಲ್ಲಿ, ಓಡುವ ರೈಲುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಜಾತ್ರೆಗಳಲ್ಲಿ, ಕಟ್ಟಡದ ಕೆಲಸ ನಡೆಯುವ ಜಾಗಗಳಲ್ಲಿ ನಿಲ್ಲಿಸಿದರು. ನಮ್ಮ ಈ ಮುಂಬಯಿಯಲ್ಲಿ 2001ರಿಂದಲೇ ಒಳಚರಂಡಿಯ ನೀರಿನ ಮಾದರಿ ತೆಗೆದು ಪರೇಲಿನ ಎಂಟರೋವೈರಸ್ ಸಂಶೋಧನ ಕೇಂದ್ರದಲ್ಲಿ ಪರೀಕ್ಷಿಸುತ್ತಿದ್ದರು. ಮುಂಬಯಿಯ ಮಕ್ಕಳಲ್ಲಿ ರೋಗ ಕಾಣದಿದ್ದಾಗಲೂ ನೀರು ಸಾಕ್ಷಿ ಹೇಳುತ್ತಿತ್ತು: ದೂರದಿಂದ ಯಾರೋ ಬಂದಿದ್ದಾರೆ, ಅವರ ಮಗುವನ್ನು ನೀವು ಎಣಿಸಿಲ್ಲ. 2010ರ ನವೆಂಬರಿನ ನಂತರ ಆ ನೀರಿನಲ್ಲಿ ಕಾಡು ವೈರಸ್ ಸಿಗಲಿಲ್ಲ.

ಅಂಕಿಗಳು ತಾವೇ ಮಾತನಾಡುತ್ತವೆ. 2009ರಲ್ಲಿ ದೇಶದಲ್ಲಿ 741 ಪ್ರಕರಣ. ಜಗತ್ತಿನ ಯಾವ ದೇಶದಲ್ಲಿಯೂ ಅಷ್ಟಿರಲಿಲ್ಲ. 2010ರಲ್ಲಿ 42. 2011ರಲ್ಲಿ ಒಂದು. ಪಶ್ಚಿಮ ಬಂಗಾಲದ ಹಾವ್ಡಾ ಜಿಲ್ಲೆಯ ಒಂದು ಹೆಣ್ಣುಮಗುವಿನ ಕಾಲು 2011ರ ಜನವರಿ 13ರಂದು ಬಲಗುಂದಿತು. ಅದೇ ನಮ್ಮ ದೇಶದ ಕಾಡು ಪೋಲಿಯೊದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಿತು. ಭಾರತದಲ್ಲಿ ಇದು ಕೊನೆಗೆ ಸಾಧ್ಯವಾದೀತು, ಎಲ್ಲ ದೇಶಗಳೂ ಗೆದ್ದ ಮೇಲೆ ಎಂದು ಭಾವಿಸಿದ್ದ ಪಂಡಿತರಿದ್ದರು. ಅವರ ಮಾತು ಸುಳ್ಳಾಯಿತು.

ಆದರೆ ಗೆದ್ದ ಮೇಲೆ ಮಲಗಲು ಈ ಶತ್ರು ಬಿಡುವುದಿಲ್ಲ. ಪಾಕಿಸ್ತಾನ ಮತ್ತು ಅಫಘಾನಿಸ್ತಾನಗಳಲ್ಲಿ 2024ರಲ್ಲಿಯೂ ಕಾಡು ವೈರಸ್ ಮಕ್ಕಳ ಕೈಕಾಲು ಕಸಿಯಿತು. ಬಾಯಿಗೆ ಹಾಕುವ ಹನಿಯಲ್ಲಿ ಇರುವುದು ಬಲಗುಂದಿಸಿದ ಜೀವಂತ ವೈರಸ್. ಲಸಿಕೆ ಪಡೆದವರು ಕಡಿಮೆಯಿರುವ ಕಡೆ ಅದು ಮಗುವಿನಿಂದ ಮಗುವಿಗೆ ದೀರ್ಘಕಾಲ ದಾಟುತ್ತ ಹೋದರೆ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯಬಲ್ಲದು. 2024ರ ಆಗಸ್ಟಿನಲ್ಲಿ ಮೇಘಾಲಯದ ಪಶ್ಚಿಮ ಗಾರೋ ಹಿಲ್ಸ್ ಜಿಲ್ಲೆಯಿಂದ ಇಂಥ ಲಸಿಕೆಮೂಲದ ವೈರಸ್ಸಿನ ಒಂದು ಪ್ರಕರಣ ವರದಿಯಾಯಿತು. ದೇಶದ ಪೋಲಿಯೊ ಮುಕ್ತ ಸ್ಥಾನಕ್ಕೆ ಅದರಿಂದ ಭಂಗ ಬರಲಿಲ್ಲ, ಎಚ್ಚರಿಕೆಯಂತೂ ಬಂದಿತು. ಇದರ ಪರಿಹಾರ ಲಸಿಕೆಯನ್ನು ಬಿಡುವುದಲ್ಲ, ಯಾವ ಮಗುವೂ ತಪ್ಪದಂತೆ ಹಾಕುವುದು. 2015ರ ನವೆಂಬರಿನಿಂದ ನಮ್ಮಲ್ಲಿ ಸತ್ತ ವೈರಸ್ಸಿನ ಚುಚ್ಚುಮದ್ದನ್ನೂ ಸೇರಿಸಿದ್ದಾರೆ. ಅದು ಪಲ್ಸ್ ಪೋಲಿಯೊ ಭಾನುವಾರದ ಹನಿಯಂತೆ ರಸ್ತೆಯ ಬದಿಯಲ್ಲಿ ಸಿಗುವಂಥದಲ್ಲ; ಇತರ ಲಸಿಕೆಗಳ ಜೊತೆಗೆ ನಿಗದಿತ ವಾರಗಳಲ್ಲಿ ಮಗುವನ್ನು ಕರೆದೊಯ್ದು ಹಾಕಿಸಬೇಕು.

ಇಲ್ಲಿಗೆ ನಾನು ಮೊದಲು ಹೇಳಿದ ಎರಡನೆಯ ಕಾರಣಕ್ಕೆ ಬಂದೆ.

ಹಿಂದಿನ ಒಂದು ಪೋಲಿಯೊ ಭಾನುವಾರ ನಾನು ವಾಯುವಿಹಾರಕ್ಕೆ ಹೋಗಿದ್ದಾಗ, ದೊಡ್ಡ ಕಟ್ಟಡವೊಂದು ಏಳುತ್ತಿದ್ದ ಜಾಗದ ಎದುರು ಇಬ್ಬರು ದಾದಿಯರು ಐಸ್ ಪೆಟ್ಟಿಗೆ ಹಿಡಿದು ನಿಂತಿದ್ದರು. ತಗಡಿನ ಜೋಪಡಿಯ ಬಾಗಿಲಲ್ಲಿ ಒಬ್ಬ ತಾಯಿ, ಕಂಕುಳಲ್ಲಿ ಕೂಸು. ದಾದಿಯರು ಮರಾಠಿಯಲ್ಲಿ ಕೇಳುತ್ತಿದ್ದರು, ಆಕೆ ತಲೆಯಾಡಿಸುತ್ತಿದ್ದಳು. ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ. ಆಕೆ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಾರ್ಡನ್ನು ತಂದು ತೋರಿಸಿದಳು. ಅದು ನಮ್ಮ ಕರ್ನಾಟಕದ ತಾಯಿ ಕಾರ್ಡ್, ಕನ್ನಡದಲ್ಲಿ ಬರೆದದ್ದು. ದಾದಿಯರಿಗೆ ಓದಲು ಬರಲಿಲ್ಲ. ನಾನು ಹತ್ತಿರ ಹೋಗಿ ಕನ್ನಡದಲ್ಲಿ ಮಾತನಾಡಿಸಿದೆ. ಆಕೆಯ ಮುಖ ಅರಳಿತು. ಯಾದಗಿರಿ ಕಡೆಯವಳು. "ಊರಾಗ ಎರಡು ಸಲ ಹಾಕ್ಸೀನ್ರಿ ಅಣ್ಣಾರ. ಇಲ್ಲಿ ಯಾರನ್ನ ಕೇಳಬೇಕು, ಏನಂತ ಕೇಳಬೇಕು, ತಿಳಿಯಂಗಿಲ್ರಿ" ಎಂದಳು. ಕಾರ್ಡ್ ಓದಿ ನೋಡಿದೆ. ಮಗುವಿಗೆ ಹತ್ತು ತಿಂಗಳು. ಮೂರೂವರೆ ತಿಂಗಳ ಲಸಿಕೆಯೂ ಇಲ್ಲ, ಒಂಬತ್ತು ತಿಂಗಳ ದಡಾರದ ಲಸಿಕೆಯೂ ಇಲ್ಲ. ದಾದಿಯರಿಗೆ ತಿಳಿಸಿದೆ. ಅಂದು ಹನಿ ಬಿದ್ದಿತು, ಉಳಿದದ್ದಕ್ಕೆ ಆರೋಗ್ಯ ಕೇಂದ್ರಕ್ಕೆ ಬರಲು ಹೇಳಿದರು.

ಮಿತ್ರರೇ, ಆ ಜಾಗ ನಮ್ಮ ಈ ಸಭಾಭವನದಿಂದ ಹದಿನೈದು ನಿಮಿಷದ ನಡಿಗೆ. ಈ ನಗರದಲ್ಲಿ ಲಕ್ಷಾಂತರ ಕನ್ನಡಿಗರಿದ್ದೇವೆಂದು ನಾವು ಮನವಿಪತ್ರಗಳಲ್ಲಿ ಬರೆಯುತ್ತೇವೆ. ಶಾಲೆ ಬೇಕೆನ್ನುವಾಗ, ರೈಲು ಬೇಕೆನ್ನುವಾಗ, ಅನುದಾನ ಬೇಕೆನ್ನುವಾಗ ಆ ಲಕ್ಷದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದು ಇಟ್ಟಿಗೆ ಹೊರುವವರನ್ನೂ ಸೇರಿಸಿಕೊಳ್ಳುತ್ತೇವೆ. ನಮ್ಮ ರಾಜ್ಯೋತ್ಸವದ ಆಮಂತ್ರಣ ಅವರ ತಗಡಿನ ಬಾಗಿಲಿಗೆ ಒಮ್ಮೆಯೂ ಹೋಗಿಲ್ಲ. ಉತ್ತರ ಪ್ರದೇಶದ ಆ ತಾಯಿ ಸರಕಾರಕ್ಕೆ ಕೇಳಿದ ಪ್ರಶ್ನೆಯನ್ನು ಈ ಯಾದಗಿರಿಯ ತಾಯಿ ನಮಗೆ ಕೇಳಬಹುದಾಗಿತ್ತು. ಆಕೆ ಕೇಳಲಿಲ್ಲ, ನಾವಿಲ್ಲಿರುವುದೇ ಆಕೆಗೆ ಗೊತ್ತಿರಲಿಲ್ಲ.

ಆದ್ದರಿಂದ ಸಂಘದ ಮುಂದೆ ಮೂರು ಸಣ್ಣ ಸಲಹೆಗಳನ್ನು ಇಡುತ್ತೇನೆ. ಕನ್ನಡ ಓದಿ ಮರಾಠಿಯಲ್ಲಿ ಹೇಳಬಲ್ಲ ಹತ್ತು ಮಂದಿ ಸದಸ್ಯರ ಹೆಸರುಗಳನ್ನು ನಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಕೊಡೋಣ. ಪೋಲಿಯೊ ಭಾನುವಾರಗಳಂದು ದಾದಿಯರ ಜೊತೆಗೆ ಕಟ್ಟಡದ ಜಾಗಗಳಿಗೆ ಇಬ್ಬಿಬ್ಬರು ಹೋಗೋಣ. ತಿಂಗಳಿಗೊಮ್ಮೆ ಈ ಭವನದ ಬಾಗಿಲು ತೆರೆದು, ಯಾರು ತಾಯಿ ಕಾರ್ಡ್ ತಂದರೂ ಓದಿ, ಮುಂದಿನ ಲಸಿಕೆಯ ದಿನ ಮತ್ತು ಸ್ಥಳ ತಿಳಿಸೋಣ. ಇದಕ್ಕೆ ದೇಣಿಗೆ ಬೇಕಾಗಿಲ್ಲ. ಆಮೇಲೆ ಅವರು ಶಾಲೆಯ ಬಗೆಗೆ, ಪಡಿತರದ ಬಗೆಗೆ, ಬಾಕಿ ಕೂಲಿಯ ಬಗೆಗೆ ಕೇಳುತ್ತಾರೆ. ಕೇಳಲಿ. ಹನಿ ಹಾಕಲು ಹೋದವರು ಚರಂಡಿಯ ಮಾತಿಗೂ ಕಿವಿಗೊಟ್ಟದ್ದರಿಂದಲೇ ಪೋಲಿಯೊ ಹೋಯಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯದಾಗಿ ನನ್ನ ತಂಗಿಯ ಮಾತು. ರೋಗ ಹೋಯಿತು, ರೋಗ ಮುಟ್ಟಿಹೋದವರು ಉಳಿದಿದ್ದಾರೆ. ಆಕೆ ಕ್ಯಾಲಿಪರ್ ಹಾಕಿಕೊಂಡೇ ಓದಿದಳು; 1995ರ ಅಂಗವಿಕಲರ ಕಾಯಿದೆಯ ಮೀಸಲಾತಿಯಲ್ಲಿ ಗುಮಾಸ್ತೆಯ ಕೆಲಸ ಪಡೆದಳು. ಈಗ ಆ ಕಾಲಿನಲ್ಲಿ ಹೊಸ ನೋವು, ಹೊಸ ದೌರ್ಬಲ್ಯ ಕಾಣಿಸಿಕೊಂಡಿದೆ. ಹಳೆಯ ಪೋಲಿಯೊ ಎಷ್ಟೋ ವರ್ಷಗಳ ಮೇಲೆ ಹೀಗೆ ಮರಳಿ ಕಾಡುವುದುಂಟೆಂದು ವೈದ್ಯರು ಹೇಳಿದ್ದಾರೆ. ಈ ಭಾಷಣದ ವಿಷಯ ತಿಳಿಸಲು ಕಳೆದ ವಾರ ಆಕೆಗೆ ದೂರವಾಣಿ ಮಾಡಿ, ಯಾದಗಿರಿಯ ತಾಯಿಯ ಸಂಗತಿಯನ್ನು ಸ್ವಲ್ಪ ಅಭಿಮಾನದಿಂದಲೇ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, "ಕಾರ್ಡ್ ಓದಿ ಹೇಳಿದಿ, ಚಲೋ ಆತು. ಆ ಕೂಸಿನ್ನ ದಡಾರದ ಸೂಜಿಗೆ ಯಾರು ಕರಕೊಂಡು ಹೋದ್ರು, ಅಣ್ಣ?" ಎಂದಳು.

ನಾನು ಹೋಗಿರಲಿಲ್ಲ. ಮರುದಿನ ಕಚೇರಿಗೆ ರಜೆ ಹಾಕಿ ಹೋದೆ. ಕಟ್ಟಡದ ಆ ಭಾಗದ ಕೆಲಸ ಮುಗಿದು ಜೋಪಡಿಗಳನ್ನು ಕಿತ್ತಿದ್ದರು. ಅವರು ಪನವೇಲ್ ಕಡೆ ಹೋದರೆಂದು ಕಾವಲುಗಾರ ಹೇಳಿದ. ಪನವೇಲಿನಲ್ಲಿರುವ ನಮ್ಮ ಸದಸ್ಯರು ಯಾರಾದರೂ ಈ ಸಭೆಯಲ್ಲಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು.